ಗಾಂಧಾರವನ್ನು ಬೇರೆ ಆಂಪಿಗೆ ಕೊಟ್ಟ ಮೇಲೆ ಕಾರ್ಡ್ ತಿಳಿಯಾಯಿತು

ಗಿಟಾರಿಗೆ ಎಷ್ಟೇ ಡಿಸ್ಟಾರ್ಷನ್ (ಆಂಪ್ ಸದ್ದನ್ನು ಒಡೆದು ಒರಟಾಗಿಸುವುದು) ಇರಲಿ, ಮೇಜರ್ ಮೇಜರ್ ಆಗಿಯೇ, ಮೈನರ್ ಮೈನರ್ ಆಗಿಯೇ ಕೇಳಿಸಬೇಕು ಅನ್ನುವುದು ನನ್ನ ಹಟ. ಮೇಜರೋ ಮೈನರೋ ಎಂದು ಹೇಳುವ ಗಾಂಧಾರವನ್ನೇ ಬಿಟ್ಟು ಸ-ಪ ಮಾತ್ರ ನುಡಿಸುವ ಪವರ್ ಕಾರ್ಡ್ ಇರುವಾಗ ಅದರ ಗೋಜು ಯಾಕೆ ಎಂದು ಬ್ಯಾಂಡಿನಲ್ಲಿ ಎಲ್ಲರೂ ಕೇಳಿದರು. ಈಗ ನಮ್ಮ ಅರ್ಧಕ್ಕಿಂತ ಹೆಚ್ಚು ಹಾಡುಗಳು ನಾನು ಹಿಡಿದ ದಾರಿಯಲ್ಲೇ ಇವೆ.

ಗೇನ್ (ಡಿಸ್ಟಾರ್ಷನ್ ಹೆಚ್ಚಿಸುವ ಗುಂಡಿ) ಏರಿಸಿಕೊಂಡು ಐದನೇ ಫ್ರೆಟ್ಟಿನಲ್ಲಿ ಎ ಮೇಜರ್ ಬ್ಯಾರೆ (ಒಂದೇ ಬೆರಳನ್ನು ಎಲ್ಲ ತಂತಿಗೂ ಅಡ್ಡ ಒತ್ತುವ ಕಾರ್ಡ್) ಹಿಡಿದರೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ, ಎಲ್ಲ ಕಲಸಿಹೋಗುತ್ತದೆ. ಪಿಕಪ್ ಸರಿಯಿಲ್ಲವೆಂದು ಪಿಕಪ್ ಬದಲಿಸಿದೆ. ಪೆಡಲ್ ಮೇಲೆ ಪೆಡಲ್ ಕೊಂಡೆ, ಕೊಂಡದ್ದನ್ನೆಲ್ಲ ಹೆಚ್ಚುಕಡಿಮೆ ಅರ್ಧ ಬೆಲೆಗೆ ಮಾರಿದೆ. ಒಂದೆರಡು ವರ್ಷದಲ್ಲಿ ಹೀಗೆ ಕರಗಿದ ದುಡ್ಡಿಗೆ ಒಳ್ಳೆಯ ವಾಲ್ವ್ ಆಂಪೇ ಬರುತ್ತಿತ್ತು. ಸದ್ದು ಮಾತ್ರ ಇದ್ದ ಹಾಗೇ ಇತ್ತು.

ದಾರಿ ಸಿಕ್ಕಿದ್ದು ಹರ್ಟ್ಜ್ ಲೆಕ್ಕ ಹಾಕಲು ಕೂತಾಗ. ಆಂಪ್ ಕ್ಲಿಪ್ ಆದರೆ, ಅಂದರೆ ತಾಳಲಾರದೆ ಸದ್ದಿನ ಅಲೆಯ ತುದಿ ಕತ್ತರಿಸಿದರೆ, ಎರಡು ಸ್ವರಗಳ ಮೊತ್ತವೂ ಹುಟ್ಟುತ್ತದೆ, ವ್ಯತ್ಯಾಸವೂ ಹುಟ್ಟುತ್ತದೆ. ಐದನೇ ತಂತಿಯ ಎ 110, ಅದರ ಪಂಚಮ ಇ ಸುಮಾರು 165. ವ್ಯತ್ಯಾಸ 55, ಅಂದರೆ ಒಂದು ಸ್ಥಾಯಿ ಕೆಳಗಿನ ಎ. ಪವರ್ ಕಾರ್ಡಿನ ತೂಕವೆಲ್ಲ ಇಲ್ಲಿದೆ. ಗಿಟಾರ್ ಕ್ಯಾಬಿನೆಟ್ಟಿಗೆ 55 ಹೊರಡಿಸುವ ತಾಕತ್ತು ಅಷ್ಟಾಗಿ ಇಲ್ಲದಿದ್ದರೂ 110, 165, 220 ಸಾಲಾಗಿ ಕೇಳಿಸುವುದರಿಂದ ಕಿವಿಯೇ ಅದನ್ನು ತುಂಬಿಕೊಳ್ಳುತ್ತದೆ. ಈಗ ಗಾಂಧಾರ ಸೇರಿಸಿ. ಸಿ ಶಾರ್ಪ್ 138.6, ವ್ಯತ್ಯಾಸ 28.6. ಅದು ಎ ಆಗಬೇಕಿದ್ದರೆ 27.5 ಇರಬೇಕಿತ್ತು. ಒಂದು ಫ್ರೆಟ್ಟಿಗೆ 100 ಸೆಂಟ್ ಎಂದು ಲೆಕ್ಕ; ಫ್ರೆಟ್ಟಿನ ಮೇಜರ್ ಥರ್ಡ್ (ಇದೇ ಗಾಂಧಾರ) ಶುದ್ಧ 5:4 ಅನುಪಾತಕ್ಕಿಂತ 14 ಸೆಂಟ್‌ನಷ್ಟು ಮೇಲಿದೆ. ಕೆಳಗೆ ಹುಟ್ಟುವ ಸ್ವರದಲ್ಲಿ ಅದೇ ಅಂತರ ಅರ್ಧ ಫ್ರೆಟ್ಟಿಗಿಂತ ಹೆಚ್ಚಾಗುತ್ತದೆ. ಪಂಚಮ ಜಾರಿರುವುದು ಬರೀ 2 ಸೆಂಟ್, ಅದಕ್ಕೇ ಅದು ಕೆಡುವುದಿಲ್ಲ. ಮೈನರ್ ಕಥೆ ಇನ್ನೂ ಕಷ್ಟ. ಫ್ರೆಟ್ ಬಿಟ್ಟು ಶುದ್ಧ 6:5 ಹಿಡಿದರೂ ಎ ಮತ್ತು ಸಿ ನಡುವಿನ ವ್ಯತ್ಯಾಸ ಕಾರ್ಡಿನಲ್ಲೇ ಇಲ್ಲದ ಎಫ್ ಮೇಲೆ ಬೀಳುತ್ತದೆ.

ನಡುವೆ ಒಂದು ಪ್ರಯೋಗ ಮಾಡಿದೆ. ಬ್ಯಾರೆಯಲ್ಲಿ ಗಾಂಧಾರ ಬರುವುದು ಮೂರನೇ ತಂತಿಯಲ್ಲಿ ತಾನೇ, ಅದನ್ನೇ 14 ಸೆಂಟ್ ಇಳಿಸಿ ಶ್ರುತಿ ಮಾಡಿದೆ. ಎ ಮೇಜರ್ ಗಂಟೆ ಹೊಡೆದಷ್ಟು ಸ್ವಚ್ಛವಾಗಿ ಬಂತು. ಆದರೆ ಐದನೇ ತಂತಿಯಲ್ಲಿ ರೂಟ್ (ಕಾರ್ಡಿನ ಷಡ್ಜ) ಇಟ್ಟು ಪವರ್ ಕಾರ್ಡ್ ಹಿಡಿದರೆ ಅದೇ ಮೂರನೇ ತಂತಿ ಮೇಲಿನ ಷಡ್ಜವಾಗುತ್ತದೆ, ಅದು ಅಪಸ್ವರ. ರೆಕಾರ್ಡಿಂಗಿನಲ್ಲಿ ಒಂದೇ ಕಾರ್ಡ್ ಬೇಕಾದಾಗ ಈಗಲೂ ಹೀಗೆ ಮಾಡುತ್ತೇನೆ, ವೇದಿಕೆಗೆ ಮಾತ್ರ ಒಗ್ಗುವುದಿಲ್ಲ.

ಕೊನೆಗೆ ಹೊಳೆದದ್ದು ಇಷ್ಟು: ಸ್ವರಗಳು ಒಂದನ್ನೊಂದು ಕೆಡಿಸುವುದು ಒಂದೇ ಆಂಪಿನೊಳಗೆ. ಎರಡು ಆಂಪಿನಿಂದ ಬಂದರೆ ಅವು ಗಾಳಿಯಲ್ಲಿ ಸುಮ್ಮನೆ ಜೊತೆಯಾಗುತ್ತವೆ. ಹಾಗಾಗಿ ನನ್ನ ಗಿಟಾರಿಗೆ ಸ-ಪ-ಸ, ಎರಡನೇ ಗಿಟಾರಿಗೆ ಗಾಂಧಾರ ಮಾತ್ರ. "ಒಂಟಿ ಸ್ವರ ನುಡಿಸೋಕೆ ನಾನ್ಯಾಕೋ ಬೇಕು?" ಎಂದು ಗೆಳೆಯ ಮುನಿಸಿಕೊಂಡ. ಎ–ಜಿ–ಡಿ ಓಡಿಸಿ ತೋರಿಸಿದೆ. ಅವನ ಪಾಲಿಗೆ ಸಿ ಶಾರ್ಪ್, ಬಿ, ಎಫ್ ಶಾರ್ಪ್ ಬರುತ್ತವೆ, ಅದು ಮಿಕ್ಸೊಲಿಡಿಯನ್, ನಮ್ಮ ಹರಿಕಾಂಬೋಜಿ. ಅವನು ಸಿ ಶಾರ್ಪ್ ಬಿಟ್ಟು ಸಿ ಹಿಡಿದರೆ ಸಾಕು, ನನ್ನ ಕೈ ಒಂದಿಷ್ಟೂ ಬದಲಾಗದೆ ರಿಫ್ (ಮತ್ತೆ ಮತ್ತೆ ಬರುವ ತುಣುಕು) ಡೋರಿಯನ್ ಆಗುತ್ತದೆ, ಖರಹರಪ್ರಿಯ. ಹಾಡಿನ ಬಣ್ಣವೆಲ್ಲ ತನ್ನ ಒಂದು ಬೆರಳಿನಲ್ಲಿದೆ ಎಂದು ಗೊತ್ತಾದ ಮೇಲೆ ಅವನು ಆ ಜಾಗ ಬಿಟ್ಟುಕೊಟ್ಟಿಲ್ಲ. ಅವನ ಗೇನ್ ನನ್ನದರ ಅರ್ಧದಷ್ಟಿದ್ದರೆ ಸಾಕು. ಅವನ ಈಕ್ಯೂ (ಸದ್ದಿನ ಯಾವ ಭಾಗ ಎಷ್ಟಿರಬೇಕೆಂದು ಹೊಂದಿಸುವುದು) ಎಲ್ಲಿ ಕತ್ತರಿಸುತ್ತೇನೆ ಅನ್ನುವುದನ್ನು ಮಾತ್ರ ನಾನು ಯಾರಿಗೂ ಹೇಳಿಲ್ಲ.

ಮೈನರ್ ಹಾಡಿನಲ್ಲಿ ಅವನ ಸಿ ಸ್ವಲ್ಪ ಜೋರಾಗಿಯೇ ಇರಲಿ. ತಂಬೂರಿಯಲ್ಲಿ ಮೀಟದೆಯೇ ಅಂತರ ಗಾಂಧಾರ ಕೇಳಿಸುವ ಹಾಗೆ, ಎ ತಂತಿಯ ಐದನೇ ಹಾರ್ಮೋನಿಕ್ 550ರಲ್ಲಿ ಸಿ ಶಾರ್ಪ್ ಇದ್ದೇ ಇರುತ್ತದೆ. ಡಿಸ್ಟಾರ್ಷನ್ ಅದನ್ನು ಇನ್ನಷ್ಟು ಮುಂದೆ ತರುತ್ತದೆ. ಪವರ್ ಕಾರ್ಡ್ ಒಂದೇ ಇದ್ದಾಗಲೂ ಮೇಜರ್ ಕಡೆ ವಾಲಿದಂತೆ ಅನಿಸುವುದು ಇದರಿಂದಲೇ.

ಒಂದೇ ಗಿಟಾರ್ ಇದ್ದರೆ ಗಾಂಧಾರವನ್ನು ಒಂದು ಸ್ಥಾಯಿ ಮೇಲೆ ಕಳಿಸಿ. ಐದನೇ ತಂತಿ ತೆರೆದ ಎ, ಎರಡನೇ ತಂತಿಯ ಎರಡನೇ ಫ್ರೆಟ್ಟಿನಲ್ಲಿ ಸಿ ಶಾರ್ಪ್, ನಡುವಿನವು ಮ್ಯೂಟ್. 277ರಲ್ಲಿ 110 ಕಳೆದರೆ 167, ಇಗೆ ತೀರಾ ಹತ್ತಿರ. ಅದು ಹೇಗೂ ಕಾರ್ಡಿನದೇ ಸ್ವರ.

ಫೋರ್ತ್‌ಗಳ (ಸ-ಮ ಅಂತರದ ಜೋಡಿ ಸ್ವರಗಳ) ರಿಫ್ ಕಟ್ಟುವವರು ಬಾಸ್ ಕಡೆ ಗಮನ ಕೊಡಿ. ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ಗೆ ರಿಚಿ ಬ್ಲ್ಯಾಕ್‌ಮೋರ್ ನುಡಿಸಿದ, 1972ರಲ್ಲಿ ಹೊರಬಂದ ‘ಸ್ಮೋಕ್ ಆನ್ ದ ವಾಟರ್’ ಹಾಡಿನ ಆ ಹೆಸರಾಂತ ರಿಫ್ ಫೋರ್ತ್‌ಗಳದ್ದೇ. ಕೆಳಗೆ ಎ 110, ಮೇಲೆ ಡಿ 147 ಇಟ್ಟರೆ ವ್ಯತ್ಯಾಸ 37ರ ಆಸುಪಾಸು, ಅದು ಡಿ. ಅಂದರೆ ರೂಟ್ ಮೇಲಿನ ಸ್ವರ. ಬಾಸಿನವನು ಕೈಗೆ ಕಂಡ ಕೆಳಗಿನ ಎ ಹಿಡಿದರೆ ರಿಫ್ ತೇಲುತ್ತದೆ, ಡಿ ಹಿಡಿಸಿ.