ಜೇಡದ ಹೆಸರು ಹುಡುಕುವ ಮುನ್ನ ಅದರ ಕಣ್ಣು ನೋಡಿ

ಮುಂಬೈ ಪಕ್ಕದ ಠಾಣೆ ಊರಿನ ನಮ್ಮ ಸೊಸೈಟಿ ತೋಟದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಜೇಡ ತೋರಿಸುತ್ತೇನೆ. ಎಲ್ಲರೂ ಮೊದಲು ನೋಡುವುದು ಬಣ್ಣ, ಆಮೇಲೆ ಬಲೆ. ಎರಡನ್ನೂ ಸ್ವಲ್ಪ ಹೊತ್ತು ಬಿಟ್ಟುಬಿಡಿ. ಒಂದೇ ಜಾತಿಯ ಗಂಡು ಹೆಣ್ಣುಗಳ ಬಣ್ಣವೇ ಬೇರೆ ಇರಬಹುದು. ಕುಟುಂಬ, ಅಂದರೆ ಹತ್ತಿರದ ಜಾತಿಗಳ ಗುಂಪು, ಯಾವುದೆಂದು ಕಣ್ಣುಗಳ ಜೋಡಣೆ ಹೇಳುತ್ತದೆ.

ಒಂದು ಭೂತಗನ್ನಡಿ ಸಾಕು. ಮೊಬೈಲ್ ಆದರೂ ನಡೆಯುತ್ತದೆ, ಆದರೆ ಸುಮ್ನೆ ಬೆನ್ನಿನ ಫೋಟೋ ತೆಗೆದು ನಿಲ್ಲಿಸಬೇಡಿ, ಮುಖದ ಎದುರಿನಿಂದಲೂ ತೆಗೆಯಿರಿ. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣು. ಎರಡು ದೊಡ್ಡ ಕಣ್ಣು ನಿಮ್ಮನ್ನೇ ದಿಟ್ಟಿಸುತ್ತಿದ್ದರೆ ಅದು ಜಿಗಿಯುವ ಜೇಡ. ಕೆಳಸಾಲಿನಲ್ಲಿ ನಾಲ್ಕು ಸಣ್ಣವು, ಮೇಲೆ ಎರಡು ದೊಡ್ಡವು, ಹಿಂದೆ ಇನ್ನೆರಡು ಇದ್ದರೆ ತೋಳ ಜೇಡ. ರಾತ್ರಿ ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕದಲ್ಲೇ ಹಿಡಿದು ಹುಲ್ಲಿಗೆ ಬೆಳಕು ಬಿಡಿ. ತೋಳ ಜೇಡದ ಕಣ್ಣುಗಳು ಮಿಣಮಿಣ ಹೊಳೆಯುತ್ತವೆ. ಮಕ್ಕಳಿಗೆ ಇದಕ್ಕಿಂತ ಖುಷಿ ಬೇರೆ ಇಲ್ಲ! ಮರದ ತೊಗಟೆಗೆ ಚಪ್ಪಟೆಯಾಗಿ ಅಂಟಿಕೊಂಡು, ಹಿಂದೆ ಎರಡು ಬಾಲ ಚಾಚಿದ್ದರೆ ಅದು ಹರ್ಸಿಲಿಡೇ ಕುಟುಂಬದ್ದು. ಆ ಬಾಲಗಳು ನೂಲು ಬಿಡುವ ಅಂಗಗಳು.

ಈಗ ಬಲೆಗೆ ಬರೋಣ. ವರ್ಗೀಕರಣ ಮಾಡುವವರಿಗೂ ಅದು ಬಹಳ ಕಾಲ ತಲೆನೋವು ಕೊಟ್ಟಿದೆ. ದುಂಡು ಬಲೆ ಹೆಣೆಯುವವರಲ್ಲಿ ಎರಡು ಬಗೆ. ಒಂದು ಬಗೆ ನೂಲಿನ ಮೇಲೆ ಅಂಟಿನ ಹನಿ ಇಡುತ್ತದೆ. ಇನ್ನೊಂದು ಯೂಲೋಬೋರಿಡೇ ಕುಟುಂಬ. ಇವು ಒಣ ನೂಲನ್ನು ಹಿಂಗಾಲಿನಿಂದ ಬಾಚಿ ಉಣ್ಣೆಯಂತೆ ಮಾಡುತ್ತವೆ, ಇವುಗಳಿಗೆ ವಿಷದ ಗ್ರಂಥಿಯೂ ಇಲ್ಲ. ಬಲೆ ಒಂದೇ ಥರ ಇದೆ ಅಂತ ಎರಡನ್ನೂ ಹತ್ತಿರದ ನೆಂಟರು ಎಂದುಕೊಂಡಿದ್ದರು. 2014ರಲ್ಲಿ ನೂರಾರು ಜೀನ್‌ಗಳನ್ನು ಹೋಲಿಸಿದ ಅಧ್ಯಯನಗಳು ಬೇರೆಯದೇ ಹೇಳಿದವು. ಯೂಲೋಬೋರಿಡೇಗಳು ಹತ್ತಿರವಾಗಿರುವುದು ಹೆಚ್ಚಾಗಿ ಬಲೆಯನ್ನೇ ಹೆಣೆಯದ ಜಿಗಿಯುವ ಜೇಡ, ತೋಳ ಜೇಡಗಳಿರುವ ಗುಂಪಿಗೆ! ದುಂಡು ಬಲೆ ಬಹಳ ಹಿಂದೆ ಒಮ್ಮೆ ಹುಟ್ಟಿ ಎಷ್ಟೋ ವಂಶಗಳಲ್ಲಿ ಕಳೆದುಹೋಯಿತೋ, ಬೇರೆ ಬೇರೆಯಾಗಿ ಹುಟ್ಟಿತೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಹಾಗಾಗಿ ಬಲೆ ನೋಡಿ ಕುಟುಂಬ ಬರೆಯಬೇಡಿ. ಬಲೆಯ ಫೋಟೋ ಮಾತ್ರ ಬೇರೆಯಾಗಿ ಇಟ್ಟುಕೊಳ್ಳಿ.

ಕುಟುಂಬ ಸಿಕ್ಕಿತಾ? ಅಲ್ಲಿಗೆ ನಿಲ್ಲಿಸಿ. ಜಾತಿ ಹೇಳಲು ಬೆಳೆದ ಜೇಡ ಬೇಕು, ಸೂಕ್ಷ್ಮದರ್ಶಕದಲ್ಲಿ ಅದರ ಜನನಾಂಗ ನೋಡಬೇಕು. ಮರಿಗಳಲ್ಲಿ ಅದು ಪೂರ್ತಿ ಬೆಳೆದಿರುವುದಿಲ್ಲ. ನಮ್ಮ ಠಾಣೆ ಕಡೆಯದೇ ಒಂದು ಜಿಗಿಯುವ ಜೇಡಕ್ಕೆ 2021ರಲ್ಲಿ ಐಸಿಯಸ್ ತುಕಾರಾಮಿ ಎಂದು ಹೆಸರಿಟ್ಟರು. 26/11ರ ಮುಂಬೈ ದಾಳಿಯ ರಾತ್ರಿ ಉಗ್ರ ಕಸಬ್‌ನನ್ನು ಹಿಡಿದು ಪ್ರಾಣ ಕೊಟ್ಟ ಪೊಲೀಸ್ ತುಕಾರಾಮ್ ಓಂಬಳೆಯವರ ನೆನಪಿಗೆ ಇಟ್ಟ ಹೆಸರು ಅದು. ಅಂಥ ಹೆಸರನ್ನು ಅಂದಾಜಿನ ಮೇಲೆ ಯಾವುದೋ ಫೋಟೋಗೆ ಅಂಟಿಸುವುದು ನನಗೆ ಇಷ್ಟವಾಗುವುದಿಲ್ಲ.

ತಾರೀಖು, ಜಾಗ, ಯಾವ ಗಿಡದ ಮೇಲೆ ಸಿಕ್ಕಿತು ಎಂದು ಬರೆದಿಡಿ. ಹೊಟ್ಟೆಯ ಕಡೆಯ ಫೋಟೋ ಬೇಕಾದರೆ ಜೇಡವನ್ನು ಗಾಜಿನ ಲೋಟದಲ್ಲಿಟ್ಟು ಕೆಳಗಿನಿಂದ ತೆಗೆಯಿರಿ. ಆಮೇಲೆ ಹಿಡಿದ ಜಾಗದಲ್ಲೇ ಬಿಟ್ಟುಬಿಡಿ.