ಎ.ಕ್ಯೂ. ಪ್ರಶ್ನಾವಳಿ: ಉತ್ತರಿಸುವ ಬಗೆ, ಅಂಕವನ್ನು ಓದುವ ಬಗೆ

ತಮಗೆ ಆಟಿಸಂ (ಇತರರೊಡನೆ ಬೆರೆಯುವ, ಸಂವಹಿಸುವ ರೀತಿಯಲ್ಲಿ ಬಾಲ್ಯದಿಂದಲೇ ಇರುವ ಭಿನ್ನತೆ) ಇರಬಹುದೇ ಎಂಬ ಸಂಶಯ ದೊಡ್ಡವರಾದ ಮೇಲೆ ಮೂಡಿದವರ ಕೈಗೆ ಬೇಗ ಸಿಗುವ ಸಾಧನವೆಂದರೆ ಎ.ಕ್ಯೂ. (ಆಟಿಸಂ ಸ್ಪೆಕ್ಟ್ರಮ್ ಕೋಶೆಂಟ್) ಪ್ರಶ್ನಾವಳಿ. ಕೇಂಬ್ರಿಡ್ಜಿನ ಮನೋವಿಜ್ಞಾನಿ ಸೈಮನ್ ಬ್ಯಾರನ್-ಕೋಹೆನ್ ಮತ್ತು ಸಹೋದ್ಯೋಗಿಗಳು 2001ರಲ್ಲಿ ಪ್ರಕಟಿಸಿದ ಇದರಲ್ಲಿ ಸಾಮಾಜಿಕ ಕೌಶಲ, ಗಮನದ ಬದಲಾವಣೆ, ವಿವರಗಳತ್ತ ಗಮನ, ಸಂವಹನ, ಕಲ್ಪನೆ ಎಂಬ ಐದು ವಿಭಾಗಗಳಿಗೆ ತಲಾ 10ರಂತೆ 50 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ ‘ಖಂಡಿತ ಒಪ್ಪುತ್ತೇನೆ’ ಎಂಬಲ್ಲಿಂದ ‘ಖಂಡಿತ ಒಪ್ಪುವುದಿಲ್ಲ’ ಎಂಬವರೆಗೆ ನಾಲ್ಕು ಉತ್ತರಗಳುಂಟು.

ಒಂದೇ ಸಲ ಕುಳಿತು, ಹೇಗಿರಬೇಕೆಂದು ಬಯಸುತ್ತೀರೋ ಹಾಗಲ್ಲದೆ ಹೇಗಿದ್ದೀರೋ ಹಾಗೆ ಉತ್ತರಿಸಿ. ಪಕ್ಕದಲ್ಲೊಂದು ಹಾಳೆ ಇಟ್ಟುಕೊಂಡು, ಉತ್ತರದ ಹಿಂದಿರುವ ನಿಜವಾದ ಸಂದರ್ಭವನ್ನು ಒಂದು ಸಾಲಿನಲ್ಲಿ ಬರೆಯಿರಿ. ಫೋನಿನಲ್ಲಿ ತನ್ನ ಮಾತಿನ ಸರದಿ ಯಾವಾಗ ಬರುತ್ತದೆಂದು ತಿಳಿಯದಿರುವ ಬಗ್ಗೆ ಒಂದು ಹೇಳಿಕೆಯಿದೆ. ‘ಒಪ್ಪುತ್ತೇನೆ’ ಎಂದು ಗುರುತು ಹಾಕಿದವರು ‘ಕಳೆದ ವಾರ ಅತ್ತೆಯ ಜೊತೆ ಮಾತನಾಡುವಾಗ ಮೂರು ಸಲ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿದೆವು’ ಎಂದು ಬರೆದರೆ ಆ ಗುರುತಿಗೊಂದು ಅರ್ಥ ಬರುತ್ತದೆ. ಪಾರ್ಟಿಗಿಂತ ಗ್ರಂಥಾಲಯ ಇಷ್ಟವೇ, ವಸ್ತುಸಂಗ್ರಹಾಲಯಕ್ಕಿಂತ ನಾಟಕ ಇಷ್ಟವೇ ಎಂಬಂಥ ಹೇಳಿಕೆಗಳು ಇಂಗ್ಲೆಂಡಿನ ಬದುಕಿನಿಂದ ಬಂದವು. ಪಾರ್ಟಿಯ ರೂಢಿಯೇ ಇಲ್ಲದವರು ಅದನ್ನು ಮದುವೆಮನೆ ಎಂದು ಓದಿಕೊಂಡಿದ್ದರೆ ಹಾಗೆಂದೂ ಬರೆದಿಡಬೇಕು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭಾರತ ಮತ್ತು ಮಲೇಷ್ಯಾದ ವಿದ್ಯಾರ್ಥಿಗಳ ಸರಾಸರಿ ಅಂಕ ಬ್ರಿಟನ್ನಿನವರದಕ್ಕಿಂತ ಹೆಚ್ಚಿತ್ತಾದ್ದರಿಂದ ಇದು ಸಣ್ಣ ಮಾತಲ್ಲ.

ಅಂಕ ಹಾಕುವಾಗ ಎಚ್ಚರ ಬೇಕು: ಸುಮಾರು ಅರ್ಧದಷ್ಟು ಹೇಳಿಕೆಗಳಿಗೆ ಒಪ್ಪಿದರೆ 1, ಉಳಿದವಕ್ಕೆ ಒಪ್ಪದಿದ್ದರೆ 1. ‘ಖಂಡಿತ’ಕ್ಕೂ ‘ಸ್ವಲ್ಪ’ಕ್ಕೂ ಸಿಗುವ ಅಂಕ ಒಂದೇ.

ಮೂಲ ಅಧ್ಯಯನದಲ್ಲಿ 32 ಅಥವಾ ಹೆಚ್ಚು ಅಂಕ ಬಂದದ್ದು ಆಟಿಸಂ ಇದ್ದ ಗುಂಪಿನ ಶೇ 80 ಮಂದಿಗೆ, ಹೋಲಿಕೆಯ ಗುಂಪಿನ ಶೇ 2 ಮಂದಿಗೆ. ಇದನ್ನು ಕಂಡು ‘32 ಬಂತು, ಹಾಗಾದರೆ ಖಚಿತ’ ಎನ್ನುವವರು ಒಂದು ಲೆಕ್ಕ ಮಾಡಿ ನೋಡಬೇಕು. ಸಾವಿರ ಜನರಲ್ಲಿ 10 ಮಂದಿಗೆ ಆಟಿಸಂ ಇದೆಯೆಂದುಕೊಳ್ಳೋಣ. ಅವರಲ್ಲಿ 8 ಮಂದಿ ಆ ಗೆರೆ ದಾಟುತ್ತಾರೆ. ಉಳಿದ 990 ಮಂದಿಯಲ್ಲಿ ಶೇ 2 ಎಂದರೆ ಸುಮಾರು 20 ಮಂದಿಯೂ ದಾಟುತ್ತಾರೆ. ಹೀಗೆ ದಾಟಿದ 28 ಮಂದಿಯಲ್ಲಿ 20 ಮಂದಿಗೆ ಆಟಿಸಂ ಇರುವುದಿಲ್ಲ. ತೀವ್ರ ಆತಂಕದಿಂದ ಬಳಲುವವರ ಅಂಕವೂ ಏರಬಹುದು. ಕಡಿಮೆ ಅಂಕವೂ ಸಂಶಯವನ್ನು ತಳ್ಳಿಹಾಕುವುದಿಲ್ಲ: ಇತರರನ್ನು ನೋಡಿ ನೋಡಿ ನಗುವುದನ್ನೂ ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವುದನ್ನೂ ಕಲಿತವರು, ಆ ಕಲಿಕೆಯ ದಣಿವನ್ನು ಎಷ್ಟೇ ಅನುಭವಿಸಿದರೂ, ಗೆರೆಯ ಕೆಳಗೇ ಉಳಿದುಬಿಡಬಹುದು. ಇಂಥ ಮರೆಮಾಚುವಿಕೆಯನ್ನು ಅಳೆಯಲೆಂದೇ 25 ಹೇಳಿಕೆಗಳ ಕ್ಯಾಟ್-ಕ್ಯೂ ಎಂಬ ಇನ್ನೊಂದು ಪ್ರಶ್ನಾವಳಿ ಇದೆ. ಎರಡನ್ನೂ ತುಂಬಿಸಿ ಒಟ್ಟಿಗೆ ಓದುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಆಟಿಸಂ ಇದೆಯೇ ಇಲ್ಲವೇ ಎಂದು ಹೇಳಬೇಕಾದವರು ವಯಸ್ಕರ ಆಟಿಸಂ ಬಲ್ಲ ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟರು. ಅವರು ಬಾಲ್ಯವನ್ನೂ ಕೇಳುತ್ತಾರೆ. ಆದ್ದರಿಂದ ಭೇಟಿಗೆ ಹೋಗುವಾಗ ಒಟ್ಟು ಅಂಕವನ್ನಷ್ಟೇ ಅಲ್ಲದೆ ಗುರುತು ಹಾಕಿದ ಪ್ರಶ್ನಾವಳಿಯನ್ನೂ, ಸಂದರ್ಭಗಳ ಹಾಳೆಯನ್ನೂ, ಸಿಕ್ಕರೆ ಹಳೆಯ ಶಾಲಾ ವರದಿಗಳನ್ನೂ ಒಯ್ಯಿರಿ; ನೀವು ಮೂರು ನಾಲ್ಕು ವರ್ಷದ ಮಗುವಾಗಿದ್ದಾಗ ಹೇಗೆ ಆಡುತ್ತಿದ್ದಿರಿ, ಹೇಗೆ ಮಾತನಾಡುತ್ತಿದ್ದಿರಿ ಎಂಬುದನ್ನು ಬಲ್ಲ ತಾಯಿಯನ್ನೋ ಅಕ್ಕನನ್ನೋ ಜೊತೆಗೆ ಕರೆದುಕೊಂಡು ಹೋಗಿ.