ಒಂದೇ ರಸ್ತೆಯ ಸಿಗ್ನಲ್‌ಗಳನ್ನು ಜೋಡಿಸಲು ಏನು ಕೊಳ್ಳಬೇಕು, ಯಾವುದನ್ನು ಮೊದಲು ಕೊಳ್ಳಬೇಕು

ನಮ್ಮೂರಿನ ಬಸ್ ಸ್ಟ್ಯಾಂಡಿನಿಂದ ಜಿಲ್ಲಾಸ್ಪತ್ರೆಗೆ ಎರಡು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ನಡುವೆ ಆರು ಸಿಗ್ನಲ್. ಮೊದಲನೆಯದರಲ್ಲಿ ಕಾದು ಹೊರಟರೆ ಎರಡನೆಯದು ಕೆಂಪು, ಅಲ್ಲಿ ಬಿಟ್ಟರೆ ಮೂರನೆಯದೂ ಕೆಂಪು. ಆಂಬುಲೆನ್ಸ್ ಹೋಗುವ ದಾರಿ ಅದು. ಪಾಲಿಕೆಯ ವಿದ್ಯುತ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು ನಾನು. ಆ ಆರು ಸಿಗ್ನಲ್‌ಗಳನ್ನು ಎರಡು ಸಲ ಜೋಡಿಸಿದ್ದೇವೆ. ಮೊದಲ ಸಲ ಹಣ ಖರ್ಚಾಯಿತು, ಜೋಡಣೆ ಉಳಿಯಲಿಲ್ಲ. ಎರಡನೇ ಸಲ ಉಳಿಯಿತು. ಈಗ ಬೇರೆ ಊರಿನ ಎಂಜಿನಿಯರುಗಳು ಫೋನ್ ಮಾಡಿ "ಏನೇನು ತಗೋಬೇಕು ಮೇಡಂ?" ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮೂರು ಮಾತು ತಿಳಿದಿರಲಿ. ಒಂದು ಹಸಿರು ಶುರುವಾದಲ್ಲಿಂದ ಮತ್ತೆ ಅದೇ ಹಸಿರು ಬರುವವರೆಗಿನ ಸಮಯ ಸೈಕಲ್. ಆ ಸಮಯದಲ್ಲಿ ಯಾವ ದಿಕ್ಕಿಗೆ ಎಷ್ಟು ಸೆಕೆಂಡ್ ಕೊಡುತ್ತೀರಿ ಅನ್ನುವುದು ಸ್ಪ್ಲಿಟ್. ಮೊದಲ ಜಂಕ್ಷನ್‌ನಲ್ಲಿ ಹಸಿರು ಬಿದ್ದು ಎಷ್ಟು ಸೆಕೆಂಡ್ ಆದಮೇಲೆ ಮುಂದಿನದರಲ್ಲಿ ಬೀಳಬೇಕು ಅನ್ನುವುದು ಆಫ್‌ಸೆಟ್. ಜೋಡಣೆ ಅಂದರೆ ಇಷ್ಟೇ: ಎಲ್ಲ ಸಿಗ್ನಲ್‌ಗಳಿಗೂ ಒಂದೇ ಸೈಕಲ್, ಪ್ರತಿಯೊಂದಕ್ಕೂ ಅದರದೇ ಆಫ್‌ಸೆಟ್.

ಲೆಕ್ಕ ಕಷ್ಟದ್ದಲ್ಲ. ಎರಡು ಜಂಕ್ಷನ್ ನಡುವೆ 500 ಮೀಟರ್ ಇದೆ ಅಂದುಕೊಳ್ಳಿ. ಗಾಡಿಗಳು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬಂದರೆ ಸೆಕೆಂಡಿಗೆ 10 ಮೀಟರ್. ಆಫ್‌ಸೆಟ್ 50 ಸೆಕೆಂಡ್. ಆದರೆ ಮುಂದಿನ ಸಿಗ್ನಲ್‌ನಲ್ಲಿ ಅಡ್ಡರಸ್ತೆಯಿಂದ ತಿರುಗಿ ಬಂದು ನಿಂತ ಗಾಡಿಗಳು ಇರುತ್ತವಲ್ಲ, ಅವು ಮೊದಲು ಜಾಗ ಬಿಡಬೇಕು. ಒಂದು ಸಾಲು ಕದಲಲು ಸುಮಾರು 2 ಸೆಕೆಂಡ್ ಹಿಡಿಯಿರಿ. ಆರು ಸಾಲು ನಿಂತಿದ್ದರೆ 12 ಸೆಕೆಂಡ್. ಹಾಗಾಗಿ ಹಸಿರು 38ನೇ ಸೆಕೆಂಡಿಗೇ ಬೀಳಬೇಕು. ಈ 12 ಸೆಕೆಂಡ್ ಬಿಟ್ಟುಬಿಟ್ಟರೆ ಹಿಂದಿನಿಂದ ಬಂದ ಗುಂಪು ಬಂದು ಬ್ರೇಕ್ ಹಾಕುತ್ತದೆ. ಕಾಗದದ ಮೇಲೆ ಸರಿಯಾಗಿದ್ದ ಎಷ್ಟೋ ಪ್ಲಾನ್‌ಗಳು ರಸ್ತೆಯಲ್ಲಿ ಸೋಲುವುದು ಇಲ್ಲೇ.

ಎರಡೂ ದಿಕ್ಕಿಗೆ ಹಸಿರು ಅಲೆ, ಅಂದರೆ ನಿಲ್ಲದೆ ಒಂದರ ಹಿಂದೊಂದು ಹಸಿರು, ಬೇಕು ಎಂದು ಎಲ್ಲರೂ ಕೇಳುತ್ತಾರೆ. ಸೈಕಲ್ 100 ಸೆಕೆಂಡ್ ಇದ್ದು ಜಂಕ್ಷನ್‌ಗಳೆಲ್ಲ 500 ಮೀಟರ್‌ಗೊಂದು ಇದ್ದರೆ ಸಿಗುತ್ತದೆ, ಯಾಕೆಂದರೆ 50 ಸೆಕೆಂಡ್ ಸರಿಯಾಗಿ ಅರ್ಧ ಸೈಕಲ್; ಹೋಗಲು ಅರ್ಧ, ಬರಲು ಅರ್ಧ, ಎರಡೂ ಕಡೆಗೆ ಅದೇ ಆಫ್‌ಸೆಟ್ ಹೊಂದುತ್ತದೆ. ನಮ್ಮ ರಸ್ತೆಯಲ್ಲಿ ಒಂದು ಅಂತರ 280 ಮೀಟರ್, ಪಕ್ಕದ್ದು 610. ಅಂಥ ಕಡೆ ಬೆಳಿಗ್ಗೆ ಊರೊಳಗೆ ಬರುವವರಿಗೆ, ಸಂಜೆ ಹೊರಗೆ ಹೋಗುವವರಿಗೆ ಅಲೆ ಕೊಡಿ. ಇದನ್ನು ಸಭೆಯಲ್ಲಿ ಮೊದಲೇ ಹೇಳಿಬಿಡಿ. ಆಮೇಲೆ ಹೇಳಿದರೆ ಯಾರೂ ಒಪ್ಪುವುದಿಲ್ಲ.

ಟೆಂಡರ್‌ಗೆ ಮುಂಚೆ ರಸ್ತೆಗೆ ಹೋಗಿ

ಪ್ರತಿ ಜಂಕ್ಷನ್‌ನಲ್ಲೂ ಹದಿನೈದು ನಿಮಿಷಕ್ಕೊಮ್ಮೆ ಗಾಡಿ ಎಣಿಸಬೇಕು. ಬೈಕು, ಆಟೋ, ಕಾರು, ಬಸ್ಸು, ಲಾರಿ ಬೇರೆ ಬೇರೆ. ನೇರ ಹೋದವು, ಎಡಕ್ಕೆ ಹೋದವು, ಬಲಕ್ಕೆ ಹೋದವು ಬೇರೆ ಬೇರೆ. ಮಾಮೂಲಿ ದಿನ ಎರಡು, ಜೊತೆಗೆ ಸಂತೆಯ ದಿನ ಒಂದು. ಸಂತೆ ಬಿಟ್ಟು ಎಣಿಸಿದ ಲೆಕ್ಕ ನಮ್ಮಂಥ ಊರುಗಳಿಗೆ ಸಾಲದು. ಈ ಅಂಕಿ ಕೈಗೆ ಬಂದರೆ ಸೈಕಲ್ ಎಷ್ಟಿರಬೇಕು ಎಂದು ವೆಬ್‌ಸ್ಟರ್ ಸೂತ್ರದಿಂದ ತೆಗೆಯಬಹುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 93 ಕೈಪಿಡಿಯಲ್ಲಿ ವಿಧಾನ ಇದೆ. ಅತಿ ಜಾಸ್ತಿ ಗಾಡಿ ಬರುವ ಜಂಕ್ಷನ್‌ಗೆ ಎಷ್ಟು ಬೇಕೋ ಅದೇ ಇಡೀ ರಸ್ತೆಯ ಸೈಕಲ್. ಸಣ್ಣ ಜಂಕ್ಷನ್‌ಗೆ ಮಾತ್ರ ಅದರ ಸರಿಯಾಗಿ ಅರ್ಧ ಇಡಬಹುದು, ಎರಡು ಸುತ್ತಿಗೆ ಮತ್ತೆ ಹೊಂದಿಕೊಳ್ಳುತ್ತದೆ.

ನಡೆಯುವವರ ಲೆಕ್ಕ ಇದೇ ಹೊತ್ತಿಗೆ ಮಾಡಿ. 18 ಮೀಟರ್ ಅಗಲದ ರಸ್ತೆ ದಾಟಲು ಸೆಕೆಂಡಿಗೆ 1.2 ಮೀಟರ್‌ನಂತೆ 15 ಸೆಕೆಂಡ್, ಹೆಜ್ಜೆ ಇಡಲು ಮೊದಲಿಗೆ ಏಳು. ಒಟ್ಟು 22. ಆಸ್ಪತ್ರೆ ಮುಂದೆ ನಾನು ಸೆಕೆಂಡಿಗೆ 1 ಮೀಟರ್ ಹಿಡಿದು 25 ಇಟ್ಟೆ. ಅಲ್ಲಿ ಕೋಲೂರಿ ನಡೆಯುವವರೇ ಜಾಸ್ತಿ. ಮೂರು ಸೆಕೆಂಡ್ ಉಳಿಸಲು ಅವರನ್ನು ರಸ್ತೆ ಮಧ್ಯೆ ನಿಲ್ಲಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಆಮೇಲೆ ನೀವೇ ಗಾಡಿಯಲ್ಲಿ ಹೋಗಿ. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ನಿಮಿಷ, ಎಷ್ಟು ಸಲ ನಿಂತಿರಿ, ಬರೆದಿಡಿ. ಕೆಲಸ ಮುಗಿದ ಮೇಲೆ ಇದೇ ಪ್ರಯಾಣ ಮತ್ತೆ ಮಾಡಬೇಕು. ಹಳೇ ಅಂಕಿ ಇಲ್ಲದಿದ್ದರೆ ಏನು ಸುಧಾರಿಸಿತು ಎಂದು ಯಾರಿಗೂ ತೋರಿಸಲಾಗದು.

ಪ್ರತಿ ಜಂಕ್ಷನ್‌ನ ಕಾನ್‌ಸ್ಟೇಬಲ್ ಜೊತೆ ಒಂದು ಗಂಟೆ ನಿಲ್ಲಿ. ಶಾಲೆ ಬಿಡುವ ಹೊತ್ತು, ಬಸ್ಸು ಸ್ಟಾಪ್ ಬಿಟ್ಟು ಮೂಲೆಯಲ್ಲೇ ನಿಲ್ಲುವುದು, ಗಾರ್ಮೆಂಟ್ಸ್ ಶಿಫ್ಟ್ ಮುಗಿಯುವುದು, ಎಲ್ಲ ಅವರಿಗೆ ಗೊತ್ತು.

ಗಡಿಯಾರದ ಕಥೆ

ಮೊದಲ ಸಲ ನಾವು ಆರು ಹೊಸ ಕಂಟ್ರೋಲರ್, ಅಂದರೆ ಸಿಗ್ನಲ್ ದೀಪಗಳನ್ನು ನಡೆಸುವ ಪೆಟ್ಟಿಗೆ, ತಂದೆವು. ಉದ್ಘಾಟನೆಯ ದಿನ ಕಾರು ಆರೂ ಹಸಿರು ದಾಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದೂವರೆ ತಿಂಗಳಲ್ಲಿ ಮತ್ತೆ ಮೊದಲಿನ ಹಾಗೇ ಆಯಿತು. ಸಪ್ಲೈಯರ್ ಕಡೆಯವರು ಗಾಡಿ ಜಾಸ್ತಿಯಾಗಿದೆ ಅಂದರು. ನಾನು ಒಂದು ರಾತ್ರಿ ಹನ್ನೊಂದಕ್ಕೆ ಸ್ಟಾಪ್‌ವಾಚ್ ಹಿಡಿದು ಒಂದೊಂದೇ ಜಂಕ್ಷನ್‌ಗೆ ಹೋದೆ. ರಸ್ತೆ ಖಾಲಿ, ಆದರೂ ಆಫ್‌ಸೆಟ್ ತಪ್ಪಿತ್ತು. ಒಂದು ಕಂಟ್ರೋಲರ್ 40 ಸೆಕೆಂಡ್ ಹಿಂದೆ ಓಡುತ್ತಿತ್ತು.

ಕಾರಣ ಒಳಗಿನ ಗಡಿಯಾರ. ಸಾಧಾರಣ ಕ್ವಾರ್ಟ್ಜ್ ಗಡಿಯಾರ ದಿನಕ್ಕೆ ಒಂದೆರಡು ಸೆಕೆಂಡ್ ಆಚೀಚೆ ಆಗುತ್ತದೆ. ಮನೆಯ ಗೋಡೆಗೆ ಪರವಾಗಿಲ್ಲ. ಸಿಗ್ನಲ್‌ಗೆ ದಿನಕ್ಕೆ ಒಂದೂವರೆ ಸೆಕೆಂಡ್ ಅಂದರೆ ತಿಂಗಳಿಗೆ 45 ಸೆಕೆಂಡ್. 100 ಸೆಕೆಂಡಿನ ಸೈಕಲ್‌ನಲ್ಲಿ ಹಸಿರು ಇರಬೇಕಾದ ಕಡೆ ಕೆಂಪು ಬರಲು ಅಷ್ಟು ಸಾಕು. ಅದರ ಮೇಲೆ ಕರೆಂಟ್ ಹೋಗಿ ಬಂದಾಗಲೆಲ್ಲ ಆ ಪೆಟ್ಟಿಗೆಗಳು ಮೊದಲ ಹಂತದಿಂದ ಶುರು ಮಾಡುತ್ತಿದ್ದವು. ನಮ್ಮೂರಲ್ಲಿ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಎಂದು ಕೇಳಬೇಕೇ?

ಹಾಗಾಗಿ ನನ್ನ ಪಟ್ಟಿಯಲ್ಲಿ ಮೊದಲ ವಸ್ತು ಪ್ರತಿ ಕಂಟ್ರೋಲರ್‌ಗೂ ಒಂದು ಜಿಪಿಎಸ್ ರಿಸೀವರ್. ಉಪಗ್ರಹದ ಸಮಯ ಎಲ್ಲ ಪೆಟ್ಟಿಗೆಗೂ ಒಂದೇ. ತಂತಿ ಬೇಡ, ರಸ್ತೆ ಅಗೆಯುವುದು ಬೇಡ. ಕುಡಿಯುವ ನೀರಿನ ಪೈಪಿಗೆ ಅಗೆದು ಯಾರೋ ಕೇಬಲ್ ಕತ್ತರಿಸಿದರೂ ಅಲೆ ನಿಲ್ಲುವುದಿಲ್ಲ. ಜೊತೆಗೆ ಯುಪಿಎಸ್ ಇರಲಿ, ಕನಿಷ್ಠ ನಾಲ್ಕು ಗಂಟೆಯದು. ಪೆಟ್ಟಿಗೆಯ ಕಟ್ಟೆ ಮಳೆನೀರು ನಿಲ್ಲುವ ಮಟ್ಟಕ್ಕಿಂತ ಎತ್ತರ ಇರಲಿ. ಕೇಬಲ್ ಒಳಬರುವ ತೂತು ಮುಚ್ಚಿಸಿ, ಇಲಿ ಅಲ್ಲಿಂದಲೇ ಬರುತ್ತದೆ.

ಗಾಡಿ ಎಣಿಸುವ ಕ್ಯಾಮೆರಾ ಡಿಟೆಕ್ಟರ್ ಆಮೇಲಿನ ಮಾತು. ಗಾಡಿ ಗುರುತಿಸಲು ರಸ್ತೆಯಡಿ ಹೂಳುವ ತಂತಿಯ ಸುರುಳಿ, ಅಂದರೆ ಲೂಪ್, ಹಾಕಿ ಎಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಗಾಡಿಗಳು ಲೇನ್ ಹಿಡಿದು ನಿಲ್ಲುವುದಿಲ್ಲ, ಡಾಂಬರು ಕೆತ್ತಿದರೆ ಲೂಪ್ ಹೋಯಿತು. ಕ್ಯಾಮೆರಾ ಹಾಕುವುದಾದರೆ ಮಳೆಯ ರಾತ್ರಿ ಹೆಡ್‌ಲೈಟ್ ಹೊಳೆಯುವಾಗ ಎಣಿಸಿ ತೋರಿಸಿ ಎಂದು ಕೇಳಿ.

ತಾನೇ ಸಮಯ ಬದಲಿಸಿಕೊಳ್ಳುವ ದೊಡ್ಡ ವ್ಯವಸ್ಥೆಗಳೂ ಇವೆ. ಸಿಡ್ನಿಯ ಸ್ಕ್ಯಾಟ್ಸ್, ಬ್ರಿಟನ್ನಿನ ಸ್ಕೂಟ್, ತಿರುವನಂತಪುರದ ಸಿ-ಡ್ಯಾಕ್ ಸಂಸ್ಥೆ ನಮ್ಮ ಮಿಶ್ರ ಸಂಚಾರಕ್ಕೆಂದೇ ಮಾಡಿದ ಕೊಸಿಕಾಸ್ಟ್. ಬೆಂಗಳೂರಿನಲ್ಲಿ ಜಪಾನಿನ ನೆರವು ಸಂಸ್ಥೆ ಜೈಕಾದ ಸಹಾಯದಿಂದ 28 ಜಂಕ್ಷನ್‌ಗಳಿಗೆ ಮೊಡೆರಾಟೊ ತಂತ್ರಜ್ಞಾನ ಬಂದಿದೆ. ಅಷ್ಟು ದೊಡ್ಡ ಜಾಲಕ್ಕೆ ಅದು ಬೇಕು. ಆರೇಳು ಸಿಗ್ನಲ್‌ನ ಒಂದು ರಸ್ತೆಗೆ ಜಿಪಿಎಸ್ ಗಡಿಯಾರ, ದಿನಕ್ಕೆ ನಾಲ್ಕೈದು ಪ್ಲಾನ್ ಸಾಕು. ಬೆಳಿಗ್ಗೆ, ಮಧ್ಯಾಹ್ನ, ಶಾಲೆ ಬಿಡುವಾಗ, ಸಂಜೆ, ರಾತ್ರಿ.

ಟೆಂಡರ್‌ನಲ್ಲಿ ಬರೆಯಲೇಬೇಕಾದವು

ಸರ್ಕಾರಿ ಖರೀದಿಯ 1999ರ ಕೆಟಿಪಿಪಿ ಕಾಯ್ದೆಯಂತೆ ಟೆಂಡರ್ ಕರೆಯುತ್ತೀರಿ, ತಾಂತ್ರಿಕ ವಿವರಕ್ಕೊಂದು, ದರಕ್ಕೊಂದು ಎಂದು ಎರಡು ಕವರ್ ಪದ್ಧತಿ ಇಡುತ್ತೀರಿ. ಅದು ನಿಮಗೆ ಗೊತ್ತು. ಗಮನ ಇರಬೇಕಾದ್ದು ಷರತ್ತುಗಳ ಮೇಲೆ. ನಮ್ಮ ಮೊದಲ ಟೆಂಡರ್‌ನಲ್ಲಿ "ಜಿಪಿಎಸ್ ಅಥವಾ ಸಮಾನ" ಎಂದು ಬರೆದಿದ್ದೆವು. ಆ "ಸಮಾನ" ಅನ್ನುವ ಮಾತಿನಲ್ಲೇ ಕ್ವಾರ್ಟ್ಜ್ ಗಡಿಯಾರ ಒಳಗೆ ಬಂತು. ಈಗ ಹೀಗೆ ಬರೆಯಿರಿ: ಯಾವುದೇ ದಿನ, ಯಾವುದೇ ಹೊತ್ತಿನಲ್ಲಿ ನೋಡಿದರೂ ಎರಡು ಕಂಟ್ರೋಲರ್ ಗಡಿಯಾರಗಳ ನಡುವೆ 1 ಸೆಕೆಂಡ್‌ಗಿಂತ ಜಾಸ್ತಿ ವ್ಯತ್ಯಾಸ ಇರಕೂಡದು. ಕರೆಂಟ್ ಹೋಗಿ ಬಂದರೆ ಮೂರು ಸೈಕಲ್ ಒಳಗೆ ತನ್ನ ಆಫ್‌ಸೆಟ್‌ಗೆ ಬರಬೇಕು. ಪೊಲೀಸರು ಮ್ಯಾನುವಲ್ ಮಾಡಿ, ಅಂದರೆ ಸ್ವಿಚ್ ಒತ್ತಿ ಕೈಯಿಂದ ನಡೆಸಿ, ಬಿಟ್ಟ ಮೇಲೂ ಹಾಗೇ.

ಪಾಸ್‌ವರ್ಡ್, ಸಾಫ್ಟ್‌ವೇರ್, ಕೇಬಲ್ ಎಲ್ಲ ಪಾಲಿಕೆಗೆ ಸೇರಬೇಕು. ಎರಡು ಸೆಕೆಂಡ್ ಬದಲಿಸಲು ಬೇರೆ ಊರಿಂದ ಆಳು ಬರುವವರೆಗೆ ನಾವು ಹನ್ನೊಂದು ದಿನ ಕಾದಿದ್ದೇವೆ. ಮುಂದೆ ಬೇರೆ ಕಂಪನಿಯ ಪೆಟ್ಟಿಗೆಯೂ ಇದರ ಜೊತೆ ಮಾತಾಡುವಂತೆ ಓಪನ್ ಪ್ರೋಟೋಕಾಲ್ ಕೇಳಿ. ಐದು ವರ್ಷದ ನಿರ್ವಹಣೆಯ ದರವನ್ನೂ ಸೇರಿಸಿಯೇ ಎಲ್-1, ಅಂದರೆ ಅತಿ ಕಡಿಮೆ ದರದವರು, ಯಾರು ಎಂದು ತೀರ್ಮಾನಿಸಿ. ಇಲ್ಲದಿದ್ದರೆ ಪೆಟ್ಟಿಗೆ ಅಗ್ಗಕ್ಕೆ ಕೊಟ್ಟು ರಿಪೇರಿಯಲ್ಲಿ ವಸೂಲಿ ಮಾಡುತ್ತಾರೆ. ಒಂದು ಪೂರ್ತಿ ಕಂಟ್ರೋಲರ್ ಬಿಡಿಯಾಗಿ ಸ್ಟೋರ್‌ನಲ್ಲಿ ಇರಲಿ.

ಹಣ ಕೊಡುವ ಮೊದಲು ಒಂದು ಪರೀಕ್ಷೆ ನೀವೇ ಮಾಡಿ. ಅಡ್ಡರಸ್ತೆಯ ಹಸಿರು ದೀಪಕ್ಕೆ ಬೇಕೆಂದೇ ಕರೆಂಟ್ ಕೊಡಿಸಿ. ಎರಡೂ ಕಡೆ ಒಟ್ಟಿಗೆ ಹಸಿರು ಬಂತು ಎಂದು ಕಂಡಕೂಡಲೇ ಕಂಟ್ರೋಲರ್ ಮಿನುಗುವ ಹಳದಿಗೆ ಹೋಗಬೇಕು. ಇದನ್ನು ಕಾರ್ಖಾನೆಯಲ್ಲಿ ಅಥವಾ ಸ್ಟೋರ್‌ನಲ್ಲಿ ಮಾಡಿ, ಓಡಾಡುವ ರಸ್ತೆಯಲ್ಲಿ ಮಾಡಬೇಡಿ. ಇದರಲ್ಲಿ ಸೋತ ಪೆಟ್ಟಿಗೆಯನ್ನು ನಾನು ವಾಪಸ್ ಕಳಿಸಿದ್ದೇನೆ, ಎಷ್ಟು ಒತ್ತಡ ಬಂದರೂ.

ಶುರುವಾದ ಮೇಲೆ

ಮೊದಲ ಎರಡು ವಾರ ದಿನಾ ರಸ್ತೆಯಲ್ಲಿರಿ. ಆಫ್‌ಸೆಟ್ ಎರಡು, ಮೂರು ಸೆಕೆಂಡ್ ತಿದ್ದಬೇಕಾಗುತ್ತದೆ. ಮರದ ಕೊಂಬೆ ದೀಪ ಮುಚ್ಚಿದೆಯೇ ನೋಡಿ. ಸಂಚಾರ ಠಾಣೆಯವರನ್ನು ಕೂರಿಸಿಕೊಂಡು ಒಂದು ಮಾತು ಬಿಡಿಸಿ ಹೇಳಿ: ಒಂದು ಜಂಕ್ಷನ್ ಮ್ಯಾನುವಲ್ ಮಾಡಿದರೆ ಉಳಿದ ಐದೂ ಕೆಡುತ್ತವೆ. ನಮ್ಮ ಮೂರನೇ ಜಂಕ್ಷನ್‌ನ ಹೆಡ್ ಕಾನ್‌ಸ್ಟೇಬಲ್ ಮೊದಲ ವಾರ ಒಪ್ಪಲಿಲ್ಲ. ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಆರೂ ಹಸಿರು ದಾಟಿಸಿದೆ. ಮರುದಿನದಿಂದ ಬೇರೆಯವರು ಸ್ವಿಚ್ ಮುಟ್ಟಲು ಬಂದರೆ ಅವರೇ ತಡೆಯುತ್ತಿದ್ದರು.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಮತ್ತೆ ಎಣಿಸಿ, ಸಮಯ ತಿದ್ದಿ. ತಿದ್ದಿದ ಪ್ಲಾನನ್ನು ತಾರೀಖು ಹಾಕಿ, ಸಹಿ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಪೆಟ್ಟಿಗೆಯ ಬಾಗಿಲ ಒಳಗೆ ಅಂಟಿಸಿ. ಬೀಗದ ಒಂದು ಕೈ ಪಾಲಿಕೆಯಲ್ಲಿ, ಇನ್ನೊಂದು ಠಾಣೆಯಲ್ಲಿ ಇರಲಿ.